ಹೊಟ್ಟೆ ಚಿಕ್ಕದಾಯ್ತು, ಕಾಫಿ ಲೋಟ ಹಾಗೇ ಇತ್ತು

ನಮ್ಮದು ಚಿಕ್ಕಮಗಳೂರಿನಲ್ಲಿ ಒಂದು ದಿನಸಿ ಅಂಗಡಿ. ಊರಿನವರಿಗೆಲ್ಲ ತೂಕ ಹಾಕಿ ಕೊಡೋ ನಾನು ನನ್ನ ತೂಕ ನೋಡುತ್ತಿದ್ದದ್ದು ಅಕ್ಕಿ ಮೂಟೆ ಇಡೋ ತಕ್ಕಡಿ ಮೇಲೆ, ಅದೂ ರಾತ್ರಿ ಷಟರ್ ಎಳೆದ ಮೇಲೆ. ಮನೆಯಲ್ಲಿದ್ದ ಸಣ್ಣ ಮಷಿನ್ 120 ದಾಟಿದರೆ ಎರರ್ ಅಂತ ತೋರಿಸುತ್ತಿತ್ತು. 2021ರಲ್ಲಿ ಮೂಟೆ ತಕ್ಕಡಿ ತೋರಿಸಿದ್ದು 128. ಎತ್ತರ ಐದಡಿ ಆರಿಂಚು. ಎತ್ತರಕ್ಕೆ ತೂಕ ಎಷ್ಟಿದೆ ಅಂತ ನೋಡೋ ಲೆಕ್ಕ, ಬಿಎಂಐ, 45. ಶುಗರ್ ಮಾತ್ರೆ ನುಂಗುತ್ತಿದ್ದೆ, ಮಂಡಿ ಹೋಗಿತ್ತು, ರಾತ್ರಿ ಗೊರಕೆ ಮಧ್ಯೆ ಉಸಿರೇ ನಿಂತುಬಿಡುತ್ತಿತ್ತು. ಹೆಂಡತಿ ಅಲುಗಾಡಿಸಿ ಎಬ್ಬಿಸಬೇಕಿತ್ತು.

ಡಯಟ್ ಎಲ್ಲ ಮಾಡಿ ಸಾಕಾಗಿ ಬೆಂಗಳೂರಿನಲ್ಲಿ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ಉದ್ದದ ಒಂದು ಕೊಳವೆ ಉಳಿಸುತ್ತಾರೆ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗೋದೂ ಆ ತೆಗೆದ ಭಾಗದಲ್ಲೇ. ಹಾಗಾಗಿ ಮೊದಮೊದಲು ಹಸಿವೇ ಆಗೋಲ್ಲ. ಆಪರೇಷನ್‌ಗೆ ಮೊದಲು ಎರಡು ವಾರ ಲಿವರ್ ಕುಗ್ಗಲಿ ಅಂತ ಅನ್ನ, ಸಿಹಿ ಎಲ್ಲ ಬಂದ್. ಆಮೇಲೆ ಎರಡು ವಾರ ಬೇಳೆ ಕಟ್ಟು, ಮಜ್ಜಿಗೆ, ಪ್ರೋಟೀನ್ ಪುಡಿ ಕಲಸಿದ ನೀರು. ಆಮೇಲೆ ನುಣ್ಣಗೆ ಕಿವುಚಿದ್ದು. ಅರ್ಧ ಇಡ್ಲಿ ತಿನ್ನೋಕೆ ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು.

ಇಲ್ಲಿ ಒಂದು ಮಾತು. ಚೆನ್ನಾಗಿ ಅಗಿದು ತಿನ್ನಿ, ಒಂದೊಂದು ತುತ್ತೂ ಇಪ್ಪತ್ತು ಸಲ ಅಂತ ಡಯಟೀಷಿಯನ್ ಹೇಳಿದಾಗ ತಲೆಯಾಡಿಸಿ ಬಂದಿದ್ದೆ. ಎರಡು ತಿಂಗಳಾದ ಮೇಲೆ ಕಡೂರಿನ ಅಕ್ಕನ ಮನೆಗೆ ಹೋದೆ. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಮುದ್ದೆ ಯಾರಾದರೂ ಅಗಿಯುತ್ತಾರಾ? ಸಾರಲ್ಲಿ ಅದ್ದಿ ಅಭ್ಯಾಸದಂತೆ ಗುಳುಂ ಅನ್ನಿಸಿದೆ. ಎರಡನೇ ತುತ್ತಿಗೆ ಎದೆ ಮಧ್ಯೆ ಕಲ್ಲು ಕೂತ ಹಾಗಾಯ್ತು. ಬಾಯಲ್ಲಿ ಒಂದೇ ಸಮ ಜೊಲ್ಲು, ನೊರೆ ನೊರೆ. ಹಿತ್ತಲಿನ ತೆಂಗಿನ ಮರ ಹಿಡಿದುಕೊಂಡು ಅಷ್ಟನ್ನೂ ಕಕ್ಕೋವರೆಗೆ ಪ್ರಾಣ ಹೋಗಿ ಬಂತು. ಅಕ್ಕ ಪಾಪ, ಸಾರಿಗೆ ಖಾರ ಜಾಸ್ತಿ ಆಯ್ತೇನೋ ಅಂತ ಕಣ್ಣೀರು ಹಾಕಿದಳು.

ಅದು ಬಿಟ್ಟರೆ ಮೊದಲ ವರ್ಷ ಹಬ್ಬ. ನಾಲ್ಕನೇ ತಿಂಗಳಲ್ಲಿ ಕೂದಲು ಹಿಡಿ ಹಿಡಿಯಾಗಿ ಉದುರಿ ಆಮೇಲೆ ತಾನೇ ನಿಂತಿತು. ಶುಗರ್ ಮಾತ್ರೆ ಡಾಕ್ಟರೇ ನಿಲ್ಲಿಸಿದರು. ಗೊರಕೆ ಹೋಯ್ತು. ಹದಿನಾಲ್ಕು ತಿಂಗಳಿಗೆ 89 ಕೆಜಿ. ಹಳೇ ಪ್ಯಾಂಟಿನ ಒಂದೇ ಕಾಲಲ್ಲಿ ಎರಡೂ ಕಾಲು ತೂರಿಸಿ ಫೋಟೋ ತೆಗೆಸಿಕೊಂಡೆ, ಎಲ್ಲರೂ ಮಾಡೋ ಹಾಗೆ.

ಆಮೇಲೆ ಶುರುವಾಯ್ತು ನೋಡಿ. ಊಟ ಜಾಸ್ತಿ ಆಗಲಿಲ್ಲ. ಒಂದು ಚಪಾತಿಗೇ ಸಾಕು ಅನಿಸುತ್ತಿತ್ತು. ಆದರೂ ತಿಂಗಳಿಗೆ ಅರ್ಧ ಕೆಜಿ, ಮುಕ್ಕಾಲು ಕೆಜಿ ಏರುತ್ತಾ ಹೋಯ್ತು. ಎರಡೂವರೆ ವರ್ಷ ತುಂಬಿದಾಗ ಮೂಟೆ ತಕ್ಕಡಿ ಮೇಲೆ 100.4. ಮತ್ತೆ ಮೂರು ಅಂಕಿ. ಅವತ್ತು ರಾತ್ರಿ ಷಟರ್ ಒಳಗೇ ಸುಮ್ನೆ ಕೂತಿದ್ದೆ, ಮನೆಗೆ ಹೋಗೋ ಮನಸ್ಸಾಗಲಿಲ್ಲ.

ಚೆಕಪ್‌ಗೆ ಹೋದಾಗ ಡಯಟೀಷಿಯನ್ ಊಟದ ಬಗ್ಗೆ ಕೇಳಲೇ ಇಲ್ಲ, ಏನೇನು ಕುಡಿಯುತ್ತೀರಿ ಅಂದರು. ಗಟ್ಟಿ ಆಹಾರ ಆ ಸಣ್ಣ ಕೊಳವೆಯಲ್ಲಿ ನಿಲ್ಲುತ್ತೆ, ಹೊಟ್ಟೆ ತುಂಬಿತು ಅನಿಸುತ್ತೆ. ಕುಡಿದದ್ದು ಜಾರಿಕೊಂಡು ಹೋಗುತ್ತೆ, ಎಷ್ಟು ಕುಡಿದರೂ ಹೊಟ್ಟೆ ತುಂಬಿತು ಅನಿಸಲ್ಲ. ಚಿಕ್ಕಮಗಳೂರಿನವನಿಗೆ ಈ ಪ್ರಶ್ನೆ ಕೇಳಬಾರದು! ಬೆಳಗ್ಗೆ ಎದ್ದ ತಕ್ಷಣ ಒಂದು ಕಾಫಿ, ಅಂಗಡಿ ತೆಗೆದ ಮೇಲೆ ಒಂದು, ಸಾಮಾನು ತರೋ ಲೈನ್ ಹುಡುಗರ ಜೊತೆ ಒಂದು, ಬಾಕಿ ವಸೂಲಿಗೆ ತೋಟದ ಮನೆಗಳಿಗೆ ಹೋದರೆ ಮನೆಗೊಂದು. ಏಳಕ್ಕೆ ಕಡಿಮೆ ಇರಲಿಲ್ಲ. ಜೊತೆಗೆ ಗಲ್ಲಾ ಪಕ್ಕದ ಡಬ್ಬದಿಂದ ಎರಡೆರಡೇ ಗೋಡಂಬಿ, ಒಂದೊಂದೇ ಚಕ್ಕುಲಿ ತುಂಡು. ಅದನ್ನು ತಿಂಡಿ ಅಂತ ನಾನು ಎಣಿಸಿಯೇ ಇರಲಿಲ್ಲ.

ನನಗೆ ಕ್ಯಾಲೋರಿ ಲೆಕ್ಕ ತಲೆಗೆ ಹತ್ತಲ್ಲ, ಗ್ರಾಂ ಲೆಕ್ಕ ಹತ್ತುತ್ತೆ. ಒಂದು ಖಾಲಿ ಉಪ್ಪಿನಕಾಯಿ ಬಾಟಲಿ ತೊಳೆದು ಗಲ್ಲಾ ಹತ್ತಿರ ಇಟ್ಟೆ. ಕಾಫಿಗೆ ಸಕ್ಕರೆ ಬಿಟ್ಟೆ, ಪ್ರತಿ ಲೋಟಕ್ಕೆ ಹಾಕುತ್ತಿದ್ದ ಎರಡು ಚಮಚವನ್ನು ಆ ಬಾಟಲಿಗೆ ಹಾಕಿದೆ. ಏಳು ದಿನ ಆದ ಮೇಲೆ ತಕ್ಕಡಿಯಲ್ಲಿಟ್ಟು ಬಾಟಲಿ ತೂಕ ಕಳೆದರೆ 485 ಗ್ರಾಂ. ಹತ್ತಿರ ಹತ್ತಿರ ಅರ್ಧ ಕೆಜಿ ಸಕ್ಕರೆ, ವಾರಕ್ಕೆ. ಹಾಲು ಬೇರೆ. ಅಂಗಡಿ ಹುಡುಗ ಯಾರ ಆರ್ಡರ್ ಅಣ್ಣ ಇದು ಅಂತ ಕೇಳಿದ.

ಈಗ ದಿನಕ್ಕೆ ಎರಡೇ ಕಾಫಿ, ಸಕ್ಕರೆ ಇಲ್ಲ. ಮೊದಲ ಹದಿನೈದು ದಿನ ಕಷಾಯ ಕುಡಿದ ಹಾಗಿತ್ತು. ಗೋಡಂಬಿ ಡಬ್ಬ ಹಿಂದಿನ ಗೋಡೌನ್‌ಗೆ ಹೋಯ್ತು, ಎದ್ದು ಹೋಗಿ ತರೋ ಸೋಮಾರಿತನವೇ ನನ್ನನ್ನು ಕಾಯುತ್ತಿದೆ. ತಟ್ಟೆಯಲ್ಲಿ ಮೊದಲು ಮೊಟ್ಟೆ, ಕಾಳು, ಮೀನು ಖಾಲಿ ಮಾಡಿ ಆಮೇಲೆ ಅನ್ನಕ್ಕೆ ಕೈ ಹಾಕುತ್ತೇನೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆಗಬೇಕು ಅಂದರೆ ಹೊಟ್ಟೆಯಲ್ಲಿ ಜಾಗ ಇರೋದೇ ಅಷ್ಟು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು. ಬೆಳಗ್ಗೆ ರತ್ನಗಿರಿ ಬೋರೆ ಹತ್ತಿ ಇಳಿಯುತ್ತೇನೆ. ಮಳೆಗಾಲದಲ್ಲಿ ಆಗಲ್ಲ, ಆಗ ಗೋಡೌನ್‌ನಲ್ಲಿ ಐದು ಕೆಜಿ ಬೇಳೆ ಪ್ಯಾಕೆಟ್ ಎರಡು ಕೈಯಲ್ಲಿ ಹಿಡಿದು ಕೂತು ಏಳೋದು.

ಮಾತ್ರೆ ವಿಷಯದಲ್ಲೂ ಎಡವಿದ್ದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ ಅಂದಿದ್ದರು. ಚೆನ್ನಾಗಿದ್ದೀನಲ್ಲ ಅಂತ ಎರಡನೇ ವರ್ಷ ಬಿಟ್ಟೆ. ಪಾದ ಜುಮು ಜುಮು ಅನ್ನೋಕೆ ಶುರುವಾಗಿ, ರಕ್ತ ಪರೀಕ್ಷೆಯಲ್ಲಿ ಬಿ12 ಕೆಳಗಿಳಿದಿದ್ದು ಗೊತ್ತಾಗಿ, ಇಂಜೆಕ್ಷನ್ ಚುಚ್ಚಿಸಿಕೊಂಡ ಮೇಲೆ ಬುದ್ಧಿ ಬಂತು.

ಈಗ 92ರಲ್ಲಿದ್ದೀನಿ. ಕಷ್ಟ ಇರೋದು ತೋಟದ ಮನೆಗಳಲ್ಲೇ. ಸಕ್ಕರೆ ಬೇಡ ಅಂದರೆ, ಅಯ್ಯೋ ನಮ್ಮನೆ ಕಾಫಿ ಒಂದು ಲೋಟಕ್ಕೆ ದಪ್ಪ ಆಗ್ತೀರಾ ಅಂತ ಸುರಿದೇ ಬಿಡುತ್ತಾರೆ. ಅದಕ್ಕೆ ಈಗ ಶುಗರ್ ಇದೆ ಅಂದುಬಿಡುತ್ತೇನೆ. ಮೂರು ವರ್ಷದಿಂದ ನನಗೆ ಶುಗರ್ ನಾರ್ಮಲ್. ಆದರೆ ಆ ಮಾತು ಕೇಳಿದ ಮೇಲೆ ಯಾರೂ ಚಮಚ ಎತ್ತಲ್ಲ.