ಹಳೇ ಬಾಕಿ ಕಟ್ಟಿದರೆ ಸಿಬಿಲ್ ಏರುತ್ತದಾ? ಕಟ್ಟೋ ಮೊದಲು ಇದನ್ನು ನೋಡಿಕೊಳ್ಳಿ

ಹತ್ತು ವರ್ಷದ ಹಿಂದೆ ನನ್ನ ಹತ್ತಿರ ಒಂದು ಕ್ರೆಡಿಟ್ ಕಾರ್ಡ್ ಇತ್ತು. ಕೆಲಸ ಬದಲಾಯಿತು, ಮನೆ ಬದಲಾಯಿತು, ಮೊಬೈಲ್ ನಂಬರೂ ಬದಲಾಯಿತು, ಆರು ಸಾವಿರ ಚಿಲ್ಲರೆ ಬಾಕಿ ಮಾತ್ರ ಇದ್ದಲ್ಲೇ ಉಳಿಯಿತು. ನಾನು ಮರೆತೇಬಿಟ್ಟಿದ್ದೆ. ಕಳೆದ ವರ್ಷ ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸಿಬಿಲ್ ಸ್ಕೋರ್, ಅಂದರೆ ನಾವು ಸಾಲ ಹೇಗೆ ತೀರಿಸುತ್ತೇವೆ ಅಂತ ನೋಡಿ ಕೊಡುವ ಅಂಕ, 718 ಇತ್ತು, ಪರವಾಗಿಲ್ಲ ಅಂದುಕೊಂಡೆ. ಆದರೆ ಅವರ ಬೆರಳು ಆ ಸಂಖ್ಯೆಯ ಮೇಲೆ ಇರಲೇ ಇಲ್ಲ. ಕೆಳಗೆಲ್ಲೋ ಒಂದು ಸಾಲಿನಲ್ಲಿದ್ದ 'ರಿಟನ್ ಆಫ್' ಅನ್ನೋ ಪದದ ಮೇಲಿತ್ತು. "ಇದು ಇರೋವರೆಗೂ ಫೈಲ್ ಮುಂದಕ್ಕೆ ಹೋಗಲ್ಲ ಸರ್."

ರೈಟ್ ಆಫ್ ಅಂದರೆ ಸಾಲ ಮನ್ನಾ ಅಲ್ಲ. ಟಿವಿಯಲ್ಲಿ ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಹೇಳಿ ನಮಗೆಲ್ಲ ಹಾಗೇ ಅನ್ನಿಸಿಬಿಟ್ಟಿದೆ. 90 ದಿನ ಕಂತು ಬರದಿದ್ದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ, ಆಮೇಲೆ ಇನ್ನೂ ಕೆಲ ಕಾಲ ಬರದಿದ್ದರೆ ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ಅದನ್ನು ತೆಗೆಯುತ್ತದೆ, ಅಷ್ಟೇ. ನೀವು ಕೊಡಬೇಕಾದದ್ದು ಕೊಡಬೇಕಾದದ್ದೇ.

ಈಗ ಪ್ರಶ್ನೆಗೆ ಬರೋಣ. ಹಳೇ ಬಾಕಿ ಕಟ್ಟಿದ ಮಾತ್ರಕ್ಕೆ ಸ್ಕೋರ್ ಜಿಗಿಯುವುದಿಲ್ಲ. ಸ್ವಲ್ಪ ಏರಬಹುದು, ಕೆಲವು ತಿಂಗಳು ಅಲ್ಲಾಡದೇ ಇರಬಹುದು. ಯಾಕೆಂದರೆ ನಮ್ಮ ಸಾಲಗಳ ವಿವರವಿರುವ ಕ್ರೆಡಿಟ್ ರಿಪೋರ್ಟಿನಲ್ಲಿ ಪ್ರತಿ ಸಾಲಕ್ಕೂ 36 ತಿಂಗಳವರೆಗಿನ ಪಾವತಿ ಚರಿತ್ರೆ ಇರುತ್ತದೆ, ಯಾವ ತಿಂಗಳು ಎಷ್ಟು ದಿನ ತಡ ಅಂತ, ಅದು ಹಣ ಕಟ್ಟಿದ ಕೂಡಲೇ ಅಳಿಸಿಹೋಗುವುದಿಲ್ಲ. ಬದಲಾಗುವುದು ಎರಡೇ. ಬಾಕಿ ಮೊತ್ತ ಸೊನ್ನೆಯಾಗುತ್ತದೆ, ಖಾತೆಯ ಸ್ಥಿತಿ ಹೇಳುವ ಪದ ಬದಲಾಗುತ್ತದೆ. ಸ್ಕೋರನ್ನು ಯಂತ್ರ ಲೆಕ್ಕ ಹಾಕುತ್ತದೆ, ಆದರೆ ಆ ಪದವನ್ನು ಓದುವುದು ಸಾಲ ಕೊಡುವ ಮನುಷ್ಯ. ಹಾಗಾಗಿ ಹಣ ಕೊಟ್ಟು ನೀವು ಕೊಳ್ಳುತ್ತಿರುವುದು ಆ ಪದವನ್ನು. ಯಾವ ಪದ ಸಿಗುತ್ತದೆ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಮೊದಲ ಕೆಲಸ, ರಿಪೋರ್ಟ್ ತೆಗೆಯಿರಿ. ಸ್ಕೋರ್ ತೋರಿಸುವ ಆ್ಯಪ್ ಸಾಲದು, ಪೂರ್ತಿ ರಿಪೋರ್ಟೇ ಬೇಕು. ನಮ್ಮ ದೇಶದಲ್ಲಿ ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಸೇರಿ ಇಂಥ ರಿಪೋರ್ಟ್ ಮಾಡುವ ನಾಲ್ಕು ಕಂಪನಿಗಳಿವೆ. ನಾಲ್ಕೂ ವರ್ಷಕ್ಕೊಮ್ಮೆ ಪುಕ್ಕಟೆ ಕೊಡಲೇಬೇಕು. ದುಡ್ಡಿನ ಪ್ಲಾನ್ ತೋರಿಸಿದರೆ ಗಾಬರಿಯಾಗಬೇಡಿ, ಪುಕ್ಕಟೆಯದ್ದು ಎಲ್ಲಿದೆ ಅಂತ ತಾಳ್ಮೆಯಿಂದ ಹುಡುಕಿ. ರಿಪೋರ್ಟ್ ಕೈಗೆ ಬಂದ ಮೇಲೆ ಆ ಖಾತೆಯ ಹತ್ತಿರ ಯಾರ ಹೆಸರಿದೆ, ಬಾಕಿ ಎಷ್ಟು, ಕೊನೇ ಪಾವತಿ ಯಾವಾಗ, ಇದಿಷ್ಟು ಬರೆದಿಟ್ಟುಕೊಳ್ಳಿ. ಕೆಲವೊಮ್ಮೆ ಬ್ಯಾಂಕು ನಿಮ್ಮ ಸಾಲವನ್ನು ಎಆರ್‌ಸಿಗೆ, ಅಂದರೆ ಕೆಟ್ಟ ಸಾಲ ಕೊಳ್ಳುವ ಕಂಪನಿಗೆ ಮಾರಿರುತ್ತದೆ. ಹಾಗಿದ್ದರೆ ಹಣ ಹೋಗಬೇಕಾದದ್ದು ಆ ಕಂಪನಿಗೆ. ಮಾರಿದ್ದಕ್ಕೆ ಪತ್ರ ಕೇಳಿ.

ಇನ್ನು ಚೌಕಾಸಿ. ನನ್ನ ಆರು ಸಾವಿರ ಬಡ್ಡಿ, ದಂಡ, ಜಿಎಸ್‌ಟಿ ಎಲ್ಲ ಸೇರಿ 41 ಸಾವಿರ ದಾಟಿತ್ತು. ರಿಕವರಿ ಏಜೆಂಟ್ ಫೋನ್ ಮಾಡಿ, "ಒಂಬತ್ತು ಸಾವಿರ ಕೊಡಿ ಸರ್, ಇವತ್ತೇ ಮುಗಿಸಿಬಿಡೋಣ" ಅಂದ. ಕೈ ಆಗಲೇ ಫೋನ್‌ಪೇ ಮೇಲಿತ್ತು. ಸುಮ್ನೆ ಒಂದು ಮಾತು ಅಂತ ಪತ್ರ ಕಳಿಸಲು ಹೇಳಿದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪತ್ರದ ಮೂರನೇ ಸಾಲಿನಲ್ಲಿ 'ಸೆಟಲ್ಡ್' ಅಂತ ವರದಿ ಮಾಡುತ್ತೇವೆ ಅಂತಿತ್ತು! ಸೆಟಲ್ಡ್ ಅಂದರೆ ಪೂರ್ತಿ ಕಟ್ಟಲಿಲ್ಲ, ಕೊಟ್ಟಷ್ಟು ತಗೊಂಡು ಬಿಟ್ಟೆವು ಅಂತ ಅರ್ಥ. ಮುಂದೆ ಸಾಲ ಕೊಡುವವನು ಅದನ್ನು ಓದಿ ಮತ್ತೆ ಮೂಗು ಮುರಿಯುತ್ತಾನೆ. ಅದೂ ಅಲ್ಲದೆ ರಿಸರ್ವ್ ಬ್ಯಾಂಕಿನ 2023ರ ನಿಯಮದ ಪ್ರಕಾರ ಹೀಗೆ ರಾಜಿ ಮಾಡಿಕೊಂಡ ಮೇಲೆ ಅದೇ ಬ್ಯಾಂಕಿನಿಂದ ಹೊಸ ಸಾಲಕ್ಕೆ ಕನಿಷ್ಠ 12 ತಿಂಗಳು ಕಾಯಬೇಕು, ಕೃಷಿ ಸಾಲ ಮಾತ್ರ ಇದಕ್ಕೆ ಹೊರತು.

ನಾನು ಏಜೆಂಟನ್ನು ಬಿಟ್ಟು ನೇರವಾಗಿ ಬ್ಯಾಂಕಿನಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಇಮೇಲ್ ಬರೆದೆ. ಹಳೇ ವಿಳಾಸಕ್ಕೇ ಬಿಲ್ ಹೋಗಿದೆ, ದಂಡದ ಶುಲ್ಕ ತೆಗೆದು ಹೊಸ ಲೆಕ್ಕ ಕೊಡಿ, ಅಷ್ಟನ್ನೂ ಕಟ್ಟುತ್ತೇನೆ, ಆದರೆ ಖಾತೆ 'ಕ್ಲೋಸ್ಡ್', ಬಾಕಿ ಸೊನ್ನೆ ಅಂತ ವರದಿ ಮಾಡುವುದಾಗಿ ಪತ್ರದಲ್ಲಿ ಬರೆದುಕೊಡಿ ಅಂತ. ಮೂರು ಇಮೇಲ್, ಎರಡು ವಾರ. ಕೊನೆಗೆ 14 ಸಾವಿರಕ್ಕೆ ಬಂತು. ಒಂಬತ್ತಕ್ಕಿಂತ ಐದು ಸಾವಿರ ಜಾಸ್ತಿ, ನಿಜ. ಹೊಟ್ಟೆ ಉರಿಯಿತು, ಅದೂ ನಿಜ. ಎಲ್ಲ ಬ್ಯಾಂಕೂ ಒಪ್ಪುತ್ತದೆ ಅಂತ ಹೇಳಲಾರೆ. ಆದರೆ ಕೇಳದೆ ಯಾರೂ ಕೊಡುವುದಿಲ್ಲ ಅಲ್ವಾ. ಈಗಾಗಲೇ ಸೆಟಲ್ಡ್ ಆಗಿಹೋಗಿದ್ದರೂ, ಉಳಿದ ಮೊತ್ತ ಕಟ್ಟುತ್ತೇನೆ, ಕ್ಲೋಸ್ಡ್ ಮಾಡಿ ಅಂತ ಕೇಳಬಹುದು.

ಹಣ ಕಟ್ಟುವುದು ಪತ್ರ ಬಂದ ಮೇಲೆ, ಅದೂ ಸಾಲದ ಖಾತೆಗೇ. ಏಜೆಂಟಿನ ಸ್ವಂತ ಯುಪಿಐಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಅಂತ ಅವರು ಫೋನ್ ಮಾಡುವ ಹಾಗೂ ಇಲ್ಲ.

"ಸದ್ಯಕ್ಕೆ ಐನೂರು ಹಾಕಿ, ಆಮೇಲೆ ನೋಡೋಣ" ಅಂದರೆ ಹುಷಾರು. ಇಂಥ ಬಾಕಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಗಡುವು ಮುಗಿಯುವ ಮೊದಲು ಸ್ವಲ್ಪ ಹಣ ಕಟ್ಟಿದರೂ, ಬಾಕಿ ಒಪ್ಪಿ ಸಹಿ ಹಾಕಿದರೂ ಆ ಲೆಕ್ಕ ಮತ್ತೆ ಮೊದಲಿಂದ ಶುರುವಾಗುತ್ತದೆ. ಗಡುವು ಮುಗಿದಿದೆ ಅಂತ ರಿಪೋರ್ಟಿನಿಂದ ಹೆಸರು ಹೋಗುವುದಿಲ್ಲ ಅನ್ನುವುದೂ ನೆನಪಿರಲಿ.

ಏಳು ವರ್ಷ ಕಾದರೆ ತಾನೇ ಅಳಿಸಿಹೋಗುತ್ತದೆ ಅನ್ನುವ ಮಾತು ಅಮೆರಿಕದಿಂದ ಬಂದದ್ದು. ಅಲ್ಲಿ ಕಂತು ತಪ್ಪಿದಾಗಿನಿಂದ ಸುಮಾರು ಏಳು ವರ್ಷಕ್ಕೆ ತೆಗೆಯಬೇಕು ಅಂತ ಕಾನೂನೇ ಇದೆ. ಇಲ್ಲಿನ ನಿಯಮ ಉಲ್ಟಾ, ಕನಿಷ್ಠ ಏಳು ವರ್ಷ ಮಾಹಿತಿ ಇಟ್ಟುಕೊಳ್ಳಬೇಕು ಅಂತ. ಅಂದಹಾಗೆ ಅಲ್ಲಿರುವ ನಮ್ಮವರಿಗೆ ಒಂದು ಮಾತು: ಫೈಕೋ ಅನ್ನುವುದು ಅಲ್ಲಿನ ಸ್ಕೋರ್, ಅದರಲ್ಲಿ ಫೈಕೋ 9ರಂಥ ಹೊಸ ಲೆಕ್ಕಗಳು ತೀರಿಸಿದ ಕಲೆಕ್ಷನ್ ಖಾತೆಯನ್ನು, ಅಂದರೆ ವಸೂಲಿ ಕಂಪನಿಗೆ ಹೋಗಿದ್ದ ಬಾಕಿಯನ್ನು ಪರಿಗಣಿಸುವುದಿಲ್ಲ, ಫೈಕೋ 8 ಆದರೆ ತೀರಿಸಿದ್ದನ್ನೂ ಹಿಡಿದುಕೊಂಡೇ ಕೂರುತ್ತದೆ. ಸಾಲ ಕೊಡುವವರು ಯಾವುದನ್ನು ನೋಡುತ್ತಾರೆ ಅಂತ ಕೇಳಿ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ? ಈಗ ಓಡುತ್ತಿರುವ ಕಂತು, ಕಾರ್ಡ್ ಬಿಲ್ ಮೊದಲು. ಹಳೇದನ್ನು ತೀರಿಸಲು ಹೋಗಿ ಹೊಸದು ತಪ್ಪಿದರೆ ಸ್ಕೋರಿಗೆ ಅದೇ ದೊಡ್ಡ ಪೆಟ್ಟು. ದುಡ್ಡು ಕೊಟ್ಟರೆ ಸಿಬಿಲ್ ಕ್ಲೀನ್ ಮಾಡಿಸಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ, ಬ್ಯಾಂಕು ಒಪ್ಪದೆ ಆ ಸಾಲು ಅಲ್ಲಾಡುವುದಿಲ್ಲ.

ಕಟ್ಟಿದ ಮೇಲೆ ರಸೀದಿ, ಮತ್ತೆ ಬಾಕಿ ಏನೂ ಇಲ್ಲ ಅನ್ನುವ ಪತ್ರ, ಅಂದರೆ ಎನ್‌ಒಸಿ ತಗೊಳ್ಳಿ. 2025ರ ಜನವರಿಯಿಂದ ಬ್ಯಾಂಕುಗಳು ತಿಂಗಳಿಗೆ ಎರಡು ಸಲವಾದರೂ ವರದಿ ಮಾಡಬೇಕು, ಹಾಗಾಗಿ ಒಂದು ತಿಂಗಳು ಕಾದು ರಿಪೋರ್ಟ್ ನೋಡಿ. ಬದಲಾಗದಿದ್ದರೆ ಆಯಾ ರಿಪೋರ್ಟ್ ಕಂಪನಿಯ ವೆಬ್‌ಸೈಟಿನಲ್ಲೇ ಡಿಸ್ಪ್ಯೂಟ್, ಅಂದರೆ ತಪ್ಪು ತಿದ್ದಿ ಅನ್ನುವ ದೂರು ಹಾಕಬಹುದು, ಖರ್ಚಿಲ್ಲ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ.

ನನ್ನದು ಮೂರು ರಿಪೋರ್ಟಿನಲ್ಲಿ ಆರು ವಾರಕ್ಕೆ ಕ್ಲೋಸ್ಡ್ ಆಯಿತು. ನಾಲ್ಕನೆಯದರಲ್ಲಿ ಹಾಗೇ ಇತ್ತು. ಎನ್‌ಒಸಿ ಸೇರಿಸಿ ಡಿಸ್ಪ್ಯೂಟ್ ಹಾಕಿದೆ, 23ನೇ ದಿನ ಸರಿಯಾಯಿತು. ಸ್ಕೋರ್ ಆಗ 724, ಏರಿದ್ದು ಬರೀ ಆರು. ಆದರೆ ಅದೇ ಬ್ಯಾಂಕಿಗೆ ಮತ್ತೆ ಹೋದಾಗ ಫೈಲ್ ಮುಂದಕ್ಕೆ ಹೋಯಿತು.