ಅಡಿಕೆ ಸುಲಿಯುವ ಜಗಲಿಗೆ ಬಂದ ಚಂದನ

ನಮ್ಮ ಮನೆ ಸಾಗರದಿಂದ ಒಳಗೆ, ತೋಟದ ಅಂಚಿನಲ್ಲಿದೆ. ಅಡಿಕೆ ಗೊನೆಗಳ ಕೊಯ್ಲು, ನಮ್ಮ ಮಾತಲ್ಲಿ ಕೊನೆ ಕೊಯ್ಲು, ಶುರುವಾಯಿತೆಂದರೆ ಸಂಜೆಯಿಂದ ರಾತ್ರಿ ಹತ್ತರವರೆಗೆ ಎಲ್ಲರೂ ಜಗಲಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ. ಟಿವಿ ಮಾತ್ರ ಒಳಗೆ ನಡುಮನೆಯಲ್ಲಿ. ಅಪ್ಪನಿಗೆ ಚಂದನದ ‘ಥಟ್ ಅಂತ ಹೇಳಿ’ ತಪ್ಪಬಾರದು. 2002ರಿಂದ ಬರುತ್ತಿರುವ ಆ ಕ್ವಿಜ್‌ನಲ್ಲಿ ಸ್ಪರ್ಧಿಗಳಿಗಿಂತ ಮೊದಲೇ ಉತ್ತರ ಹೇಳಿಬಿಡಬೇಕು ಎನ್ನುವುದು ಅವರ ಹಟ. ಸುಲಿಯುವ ಎರಡು ಮೂರು ತಿಂಗಳು ಅದು ತಪ್ಪಿಯೇ ತಪ್ಪುತ್ತಿತ್ತು. “ಅದನ್ನ ಹಿಡಿದು ಇಟ್ಟುಕೊಳ್ಳಕ್ಕೆ ಬರಲ್ವೇನೋ ಅಪ್ಪಿ, ನೀನು ಕಂಪ್ಯೂಟರ್ ಕೆಲಸದವನು” ಎಂದು ಅವರು ಕೇಳಿದ್ದೇ ಇದಕ್ಕೆಲ್ಲ ಮೂಲ.

ಮೊದಲು ಸುಲಭದ ದಾರಿ ನೋಡಿದೆ. ನಮ್ಮಲ್ಲಿರುವುದು ಡಿಡಿ ಫ್ರೀ ಡಿಶ್. ಅದರ ಬಾಕ್ಸಿನ ಹಿಂದೆ ಯುಎಸ್‌ಬಿ ಕಿಂಡಿ ಇತ್ತು, ಪೆನ್‌ಡ್ರೈವ್ ಹಾಕಿದರೆ ರೆಕಾರ್ಡ್ ಆಗುತ್ತಿತ್ತು. ಆದರೆ ರೆಕಾರ್ಡ್ ಆಗುವಾಗ ಬೇರೆ ಚಾನೆಲ್ ನೋಡುವಂತಿಲ್ಲ. ಕರೆಂಟ್ ಹೋಗಿ ಬಂದರೆ ಇಟ್ಟ ಟೈಮರ್ ಮಾಯ. ನಮ್ಮೂರಲ್ಲಿ ಕರೆಂಟ್ ಹೋಗದ ಸಂಜೆ ಎಂದರೆ ಹಬ್ಬವೇ ಸರಿ, ಆ ಏರ್ಪಾಡು ಒಂದು ವಾರವೂ ನಡೆಯಲಿಲ್ಲ.

ಫ್ರೀ ಡಿಶ್‌ನಲ್ಲಿ ಒಂದು ದೊಡ್ಡ ಅನುಕೂಲವಿದೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಯಲ್ಲಿ ಚಂದನದಂಥ ದೂರದರ್ಶನದ ವಾಹಿನಿಗಳಿಗೆ ಬೀಗವಿಲ್ಲ. ಉಪಗ್ರಹದಿಂದ ಬಂದದ್ದನ್ನು ಕಂಪ್ಯೂಟರಿನ ಟ್ಯೂನರ್, ಅಂದರೆ ಚಾನೆಲ್ ಹಿಡಿಯುವ ಸಾಧನ, ನೇರವಾಗಿ ಹಿಡಿದು ಡಿಸ್ಕಿಗೆ ಬರೆಯಬಹುದು. ದುಡ್ಡು ಕೊಟ್ಟು ನೋಡುವ ಡಿಶ್ ಕಂಪನಿಗಳ ಚಾನೆಲ್‌ಗಳಲ್ಲಿ ಇದು ಆಗದು, ಅವು ಬೀಗ ಹಾಕಿಕೊಂಡೇ ಬರುತ್ತವೆ. ಆ ಕಡೆ ನಾನು ತಲೆ ಹಾಕಲೂ ಇಲ್ಲ.

ಮೊದಲ ವರ್ಷ ನಾನು ಕಟ್ಟಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಹಳೇ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂ, ರೆಕಾರ್ಡಿಂಗಿಗೆ ಟಿವಿಹೆಡ್‌ಎಂಡ್ ಎಂಬ ತಂತ್ರಾಂಶ, ನೋಡಲು ಜೆಲ್ಲಿಫಿನ್ ಎಂಬ ಇನ್ನೊಂದು, ಇವೆರಡರ ನಡುವೆ ಫೈಲುಗಳಿಗೆ ಹೆಸರು ಬದಲಿಸಿ ಎತ್ತಿಡುವ ನನ್ನದೇ ಪುಟ್ಟ ಪ್ರೋಗ್ರಾಂ. ಬೆಂಗಳೂರಿನ ನನ್ನ ಕೋಣೆಯಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಊರಲ್ಲಿ ಫೋನಿನ ಬ್ರೌಸರ್‌ನಲ್ಲಿ ತೆರೆದರೆ ಚಿತ್ರ ಮುಗ್ಗರಿಸುತ್ತಿತ್ತು. ಕಾರಣ ಗೊತ್ತಾಗಲು ಎರಡು ದಿನ ಬೇಕಾಯಿತು. ನಾನು ಹಿಡಿಯುತ್ತಿದ್ದ ಚಾನೆಲ್‌ಗಳು ಬರುವುದು ಎಂಪೆಗ್-2 ಎಂಬ ಹಳೆಯ ವೀಡಿಯೊ ರೂಪದಲ್ಲಿ. ಬ್ರೌಸರ್‌ಗಳಿಗೆ ಅದು ಅರ್ಥವಾಗದು. ಹಾಗಾಗಿ ಸರ್ವರ್, ಅಂದರೆ ಆ ಲ್ಯಾಪ್‌ಟಾಪ್, ವೀಡಿಯೊದ ಪ್ರತಿ ಚೌಕಟ್ಟನ್ನೂ ಬಿಚ್ಚಿ, ಹೊಸ ರೂಪಕ್ಕೆ ಹೊಲಿದು ಕಳಿಸಬೇಕಿತ್ತು. ಮುದಿ ಲ್ಯಾಪ್‌ಟಾಪ್ ಫ್ಯಾನು ಕೂಗಿಸಿಕೊಂಡು ಏದುಸಿರು ಬಿಡುತ್ತಿತ್ತು. ಅಮ್ಮ ಅದರ ಮೇಲೆ ಬಟ್ಟೆ ಮುಚ್ಚಿದ್ದರು, ಧೂಳು ಬೀಳಬಾರದೆಂದು.

ಮುಂದಿನ ದೀಪಾವಳಿಗೆ ಎಲ್ಲವನ್ನೂ ಬಿಚ್ಚಿ ಹಾಕಿದೆ. ಈಗ ಇರುವುದು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್. ಅದರಲ್ಲಿ ಲಿಬ್ರಿಎಲೆಕ್, ಅಂದರೆ ಆನ್ ಮಾಡಿದರೆ ಟಿವಿ, ವೀಡಿಯೊ ನೋಡುವ ಕೋಡಿ ತಂತ್ರಾಂಶವೇ ನೇರ ತೆರೆದುಕೊಳ್ಳುವ ಪುಟ್ಟ ಲಿನಕ್ಸ್. ಟಿವಿಹೆಡ್‌ಎಂಡ್ ಅದರ ಆಡ್-ಆನ್ ಪಟ್ಟಿಯಲ್ಲೇ ಸಿಗುತ್ತದೆ. ಟ್ಯೂನರ್ ಆಗಿ ಡಿವಿಬಿಸ್ಕೈ ಎಸ್960 ಎಂಬ ಯುಎಸ್‌ಬಿ ಪೆಟ್ಟಿಗೆ. ಅದನ್ನೇ ಆರಿಸಿದ್ದಕ್ಕೆ ಕಾರಣ, ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಲಿನಕ್ಸಿನ ತಿರುಳಾದ ಕರ್ನಲ್‌ನೊಳಗೇ ಇದೆ. ಡ್ರೈವರನ್ನು ನಾವೇ ಕಂಪೈಲ್ ಮಾಡಬೇಕಾದ ಟ್ಯೂನರುಗಳೂ ಇವೆ. ಅವು ಒಳ್ಳೆಯವೇ, ಆದರೆ ಪ್ರತಿ ಅಪ್‌ಡೇಟ್ ಆದಾಗಲೂ ನಾನು ಬಸ್ಸು ಹತ್ತಿ ಊರಿಗೆ ಹೋಗಲಾರೆ.

ಹೆಚ್ಚು ಸಮಯ ತಿಂದದ್ದು ಕಂಪ್ಯೂಟರ್ ಅಲ್ಲ, ಮಾಡಿನ ಮೇಲಿನ ಡಿಶ್. ಫ್ರೀ ಡಿಶ್ ಬರುವ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿದೆ. ನಮ್ಮಲ್ಲಿಂದ ನೋಡಿದರೆ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 63 ಡಿಗ್ರಿ ಮೇಲೆ. ನಮ್ಮ ಮನೆಯ ಆಗ್ನೇಯದಲ್ಲಿ ಅಪ್ಪ ನೆಟ್ಟ ತೆಂಗಿನ ಮರವಿದೆ. ಅದನ್ನು ಕಡಿಯುವ ಮಾತೇ ಇಲ್ಲ, ಹಾಗಾಗಿ ಡಿಶ್ ಕೊಟ್ಟಿಗೆಯ ಮಾಡಿಗೆ ಹೋಯಿತು. ಇಲ್ಲಿ ಒಂದು ಮೋಸವಿದೆ: ನಮ್ಮ ಕಡೆಯ ಡಿಶ್‌ಗಳು ಆಫ್‌ಸೆಟ್ ಬಗೆಯವು, ಮುಖ ಎತ್ತಿ ನೋಡುವ ಕೋನಕ್ಕಿಂತ ಸುಮಾರು ಇಪ್ಪತ್ತೈದು ಡಿಗ್ರಿ ಮೇಲೆ ಅವುಗಳ ದೃಷ್ಟಿ. ಆಕಾಶಕ್ಕೆ ಬಾಯಿ ಬಿಟ್ಟು ಕೂರಬೇಕೆಂದು ನಾನು ಮೊದಲು ಅದನ್ನು ಅಂಗಾತ ಮಲಗಿಸಿಬಿಟ್ಟಿದ್ದೆ. ಒಂದು ಮಧ್ಯಾಹ್ನ ಅದರಲ್ಲೇ ಹೋಯಿತು.

ಹಳೆಯ ಬಾಕ್ಸನ್ನೂ ಉಳಿಸಿಕೊಳ್ಳುವುದೆಂದು ಮೊದಲೇ ನಿರ್ಧರಿಸಿದ್ದೆ. ನನ್ನ ಪೆಟ್ಟಿಗೆ ಕೈಕೊಟ್ಟ ದಿನ ಅವರು ಟಿವಿಯೇ ಇಲ್ಲದೆ ಕೂರಬಾರದಲ್ಲ. ಒಂದೇ ಕೇಬಲ್ಲಿಗೆ ಕವಲೊಡೆಸುವ ಅಗ್ಗದ ಸ್ಪ್ಲಿಟರ್ ಹಾಕಿ ಎರಡಕ್ಕೂ ಕೊಟ್ಟೆ. ಅಮ್ಮ ಹಳೇ ಬಾಕ್ಸಿನಲ್ಲಿ ಚಾನೆಲ್ ಬದಲಿಸಿದರೆ ನನ್ನ ರೆಕಾರ್ಡಿಂಗ್ ಚೂರುಚೂರು. ಡಿಶ್ ಮುಂದೆ ಅಲೆಗಳನ್ನು ಹಿಡಿಯುವ ಎಲ್‌ಎನ್‌ಬಿ ಎಂಬ ಮೂತಿಗೆ ಯಾವ ಕಡೆಯ ಅಲೆ ಬೇಕು ಎಂದು ಹೇಳುವುದು ಕೇಬಲ್ಲಿನಲ್ಲೇ ಹೋಗುವ ವೋಲ್ಟೇಜ್: 13 ಇದ್ದರೆ ಲಂಬ, 18 ಇದ್ದರೆ ಅಡ್ಡ. ಮೇಲಿನ ಬ್ಯಾಂಡ್ ಬೇಕಾದರೆ 22 ಕಿಲೋಹರ್ಟ್ಸ್‌ನ ಸದ್ದು ಜೊತೆಗೆ. ಇಬ್ಬರು ಯಜಮಾನರು ಒಂದೇ ಆಳಿಗೆ ಬೇರೆ ಬೇರೆ ಕೆಲಸ ಹೇಳಿದ ಹಾಗೆ. ಎರಡು ಸ್ವತಂತ್ರ ಬಾಯಿಗಳಿರುವ ಟ್ವಿನ್ ಎಲ್‌ಎನ್‌ಬಿ ಹಾಕಿದ ಮೇಲೆ ಜಗಳ ನಿಂತಿತು. ಟಿವಿಹೆಡ್‌ಎಂಡ್‌ನಲ್ಲಿ ಎಲ್‌ಎನ್‌ಬಿಯ ಬಗೆ ಯೂನಿವರ್ಸಲ್ ಎಂದು ಆರಿಸಿದರೆ ಸಾಕು, ಬೇರೆ ಲೆಕ್ಕ ಬೇಡ.

ಮಳೆಗೆ ಮಾತ್ರ ಪೂರ್ತಿ ಪರಿಹಾರವಿಲ್ಲ. ಫ್ರೀ ಡಿಶ್ ಬರುವ ಕೆಯು ಬ್ಯಾಂಡಿನ ಅಲೆಗಳನ್ನು ಜೋರು ಮಳೆ ಹೀರಿಕೊಳ್ಳುತ್ತದೆ. 60 ಸೆಂಟಿಮೀಟರ್ ಡಿಶ್ ತೆಗೆದು 90ರದ್ದು ಹಾಕಿದೆ. ವಿಸ್ತೀರ್ಣ ಎರಡೂಕಾಲು ಪಟ್ಟು, ಡೆಸಿಬಲ್ ಲೆಕ್ಕದಲ್ಲಿ ಸುಮಾರು ಮೂರೂವರೆ ಹೆಚ್ಚು. ಮೊದಲು ಮೋಡ ಗುಡುಗಿದರೆ ಚಿತ್ರ ಚೌಕಚೌಕವಾಗುತ್ತಿತ್ತು, ಈಗ ಆಷಾಢದ ಸುರಿಮಳೆಗೆ ಮಾತ್ರ ಹೋಗುತ್ತದೆ. ಕನೆಕ್ಟರಿಗೆ ನೀರು ಇಳಿಯದಂತೆ ಕೇಬಲ್ಲನ್ನು ಒಮ್ಮೆ ಕೆಳಗೆ ಬಳುಕಿಸಿ ಮತ್ತೆ ಮೇಲೆ ಒಯ್ದಿದ್ದೇನೆ. ಮಲೆನಾಡಿನಲ್ಲಿ ಆ ಒಂದು ಬಳುಕು ಬಿಟ್ಟರೆ ಮೊದಲ ಮಳೆಗಾಲದಲ್ಲೇ ಕನೆಕ್ಟರ್ ಹಸಿರು ಹಿಡಿಯುತ್ತದೆ.

ಒಂದೇ ಟ್ಯೂನರ್ ಇದ್ದರೆ ಒಂದೇ ಚಾನೆಲ್ ಎಂದು ತಿಳಿದಿದ್ದೆ. ಹಾಗಲ್ಲ. ಉಪಗ್ರಹದಿಂದ ಬರುವುದು ಒಂದೊಂದು ಫ್ರೀಕ್ವೆನ್ಸಿಯಲ್ಲಿ ಚಾನೆಲ್‌ಗಳ ಒಂದು ಗುಂಪು. ಅದಕ್ಕೆ ಮಕ್ಸ್ ಎನ್ನುತ್ತಾರೆ. ಟ್ಯೂನರ್ ಹತ್ತಿದ ಬಸ್ಸಿನಲ್ಲಿರುವ ಯಾರನ್ನು ಬೇಕಾದರೂ, ಎಷ್ಟು ಜನರನ್ನು ಬೇಕಾದರೂ ಒಟ್ಟಿಗೆ ಮಾತಾಡಿಸಬಹುದು, ಇನ್ನೊಂದು ಬಸ್ಸಿನವರನ್ನು ಮಾತ್ರ ಆಗದು. ಹಾಗಾಗಿ ಚಂದನ ರೆಕಾರ್ಡ್ ಆಗುತ್ತಿರುವಾಗಲೇ ಅದೇ ಗುಂಪಿನ ಬೇರೆ ಚಾನೆಲ್ ನೋಡಬಹುದು. ಗುಂಪು ಬೇರೆಯಾದರೆ ಯಾವುದಕ್ಕೆ ಆದ್ಯತೆ ಎಂದು ಟಿವಿಹೆಡ್‌ಎಂಡ್‌ನಲ್ಲಿ ಹೇಳಿಡಬೇಕು. ನಮ್ಮ ಮನೆಯಲ್ಲಿ ಆ ಆದ್ಯತೆ ಯಾರದು ಎಂದು ಬೇರೆ ಹೇಳಬೇಕಿಲ್ಲ.

ಕಾರ್ಯಕ್ರಮ ಪಟ್ಟಿಯನ್ನು ನೋಡಿಕೊಂಡು ತಾನೇ ರೆಕಾರ್ಡ್ ಮಾಡುವ ಸೌಲಭ್ಯವನ್ನು ನಾನು ಬಳಸುತ್ತಿಲ್ಲ. ನನಗೆ ಸಿಕ್ಕ ಪಟ್ಟಿ ನಂಬುವ ಹಾಗಿರಲಿಲ್ಲ. ಗಡಿಯಾರದ ಟೈಮರನ್ನೇ ಇಟ್ಟೆ: ವಾರದ ಇಂತಿಂಥ ದಿನ, ಇಷ್ಟು ಹೊತ್ತಿಗೆ, ಮುಂಚೆ ಐದು ನಿಮಿಷ, ಆಮೇಲೆ ಹತ್ತು ನಿಮಿಷ ಸೇರಿಸಿ. ನಾನು ಹಿಡಿಯುವ ಚಾನೆಲ್‌ಗಳು ಗಂಟೆಗೆ ಒಂದು ಜಿಬಿಯ ಆಸುಪಾಸು ಜಾಗ ತಿನ್ನುತ್ತವೆ. ಹಳೇ ಲ್ಯಾಪ್‌ಟಾಪಿನಿಂದ ಕಿತ್ತ 1 ಟಿಬಿ ಡಿಸ್ಕ್ ಹಾಕಿದ್ದೇನೆ. ಮೂವತ್ತು ದಿನಕ್ಕೆ ತಾನೇ ಅಳಿಸುವಂತೆ ಹೇಳಿದೆ, ಕ್ವಿಜ್ ಒಂದನ್ನು ಬಿಟ್ಟು. ಡಿಸ್ಕಿಗೆ ಪೈಯಿಂದಲೇ ಕರೆಂಟ್ ಕೊಟ್ಟಾಗ ತೆರೆಯ ಮೂಲೆಯಲ್ಲಿ ಮಿಂಚಿನ ಗುರುತು ಬರತೊಡಗಿತು, ವೋಲ್ಟೇಜ್ ಸಾಲದು ಎಂಬ ಸೂಚನೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿದೆ, ಹೋಯಿತು.

ನನ್ನನ್ನು ನಿಜವಾಗಿ ಸತಾಯಿಸಿದ್ದು ಬೇರೆ. ಕೆಲವು ದಿನ ರೆಕಾರ್ಡಿಂಗ್ ಇರುತ್ತಲೇ ಇರಲಿಲ್ಲ. ಇನ್ನು ಕೆಲವು ದಿನ ಕ್ವಿಜ್ ಇರಬೇಕಾದಲ್ಲಿ ಯಾವುದೋ ವಾರ್ತೆ. ಅಪ್ಪ ಪ್ರತಿ ಸಲವೂ ಫೋನಿನಲ್ಲಿ “ಇವತ್ತೂ ಇಲ್ಲ ನೋಡು” ಎನ್ನುತ್ತಿದ್ದರು, ಬೈಯದೆ. ಬೈದಿದ್ದರೆ ಸುಲಭವಾಗುತ್ತಿತ್ತು. ಕೊನೆಗೆ ಪೈ ಬರೆದಿಡುವ ದಿನಚರಿ, ಅಂದರೆ ಲಾಗ್, ಓದಿದಾಗ ತಿಳಿಯಿತು. ಪೈ 4ರೊಳಗೆ ಬ್ಯಾಟರಿಯಿಂದ ನಡೆಯುವ ಗಡಿಯಾರ ಇಲ್ಲ. ಆನ್ ಆದಾಗ ಇಂಟರ್ನೆಟ್ಟನ್ನು ಕೇಳಿ ಗಂಟೆ ತಿಳಿದುಕೊಳ್ಳುತ್ತದೆ. ಕರೆಂಟ್ ಬಂದು ಇಂಟರ್ನೆಟ್ ಬರದಿದ್ದರೆ ಅದು ಹಳೆಯ ಕಾಲದಲ್ಲೇ ನಿಂತಿರುತ್ತದೆ. ನಮ್ಮಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡೂ ಹೋಗುತ್ತವೆ, ಬರುವುದು ಮಾತ್ರ ಬೇರೆ ಬೇರೆ ದಿನ. ಡಿಎಸ್3231 ಎಂಬ ಪುಟ್ಟ ಗಡಿಯಾರದ ಬೋರ್ಡನ್ನು ಪಿನ್ನುಗಳಿಗೆ ಸಿಕ್ಕಿಸಿ, ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ಅದರ ನಾಣ್ಯದ ಸೆಲ್ ವರ್ಷಗಟ್ಟಲೆ ಬರುತ್ತದೆ. ಆಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಟಿವಿ ಮೂಲೆಯ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿದೆ. ಇವೆರಡನ್ನು ಮೊದಲ ದಿನವೇ ಮಾಡಿದ್ದರೆ ಒಂದು ಸುಗ್ಗಿ ಉಳಿಯುತ್ತಿತ್ತು.

ಜಗಲಿಗೆ ಒಯ್ಯುವ ಕೆಲಸಕ್ಕೆ ನನ್ನ ಹಳೆಯ ಟ್ಯಾಬ್. ಸರ್ವರ್ ರೂಪ ಬದಲಿಸುವ ಗೋಜೇ ಬೇಡವೆಂದು ಅದರಲ್ಲಿ ವಿಎಲ್‌ಸಿ ಎಂಬ ವೀಡಿಯೊ ಪ್ಲೇಯರ್ ಹಾಕಿದೆ. ಅದಕ್ಕೆ ಎಂಪೆಗ್-2 ನೇರ ಗೊತ್ತು. ಪೈಯಲ್ಲಿ ರೆಕಾರ್ಡಿಂಗ್ ಫೋಲ್ಡರನ್ನು ನೆಟ್‌ವರ್ಕಿಗೆ ತೆರೆದಿಟ್ಟರೆ ವಿಎಲ್‌ಸಿಯಲ್ಲಿ ಪಟ್ಟಿ ಕಾಣುತ್ತದೆ, ಮುಟ್ಟಿದರೆ ಓಡುತ್ತದೆ. ಓಡುವ ಮನುಷ್ಯರ ಅಂಚಿನಲ್ಲಿ ಬಾಚಣಿಗೆಯಂಥ ಗೆರೆ ಕಂಡರೆ ಅದರಲ್ಲಿರುವ ಡಿಇಂಟರ್‌ಲೇಸ್ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಡಿಸ್ಕ್ ಕೆಲಸ ಮಾಡುವಾಗ ವೈಫೈ ತಡವರಿಸುತ್ತಿತ್ತು. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಿ ಮಾಡುತ್ತದೆ. ಪೈಯಿಂದ ರೂಟರಿಗೆ ತಂತಿ ಎಳೆದ ಮೇಲೆ ಸರಿಹೋಯಿತು.

ಅಮ್ಮನಿಗೆ ಎರಡನೇ ರಿಮೋಟ್ ಕೊಡಬಾರದು ಎನ್ನುವುದು ನನ್ನ ಹಟವಾಗಿತ್ತು. ಪೈಗೆ ಎಚ್‌ಡಿಎಂಐ ಮೂಲಕವೇ ಟಿವಿ ರಿಮೋಟಿನ ಗುಂಡಿಗಳು ತಲುಪುತ್ತವೆ. ಅದಕ್ಕೆ ಸಿಇಸಿ ಎಂದು ಹೆಸರು, ಟಿವಿಯ ಸೆಟ್ಟಿಂಗ್‌ನಲ್ಲಿ ಬೇರೆ ಯಾವುದೋ ಹೆಸರಲ್ಲಿ ಅಡಗಿರುತ್ತದೆ. ಕೋಡಿಯ ಮೊದಲ ಪುಟದಿಂದ ಸಿನಿಮಾ, ಹವಾಮಾನ, ಆಟ ಎಲ್ಲ ತೆಗೆದು ಟಿವಿ ಒಂದನ್ನೇ ಉಳಿಸಿದೆ. ಚಾನೆಲ್‌ಗಳು ಆರೇ ಆರು, ಒಂದನೇ ನಂಬರ್ ಚಂದನ. ನಡೆಯುತ್ತಿರುವ ಕಾರ್ಯಕ್ರಮವನ್ನು ತಡೆದು ಆಮೇಲೆ ಅಲ್ಲಿಂದಲೇ ನೋಡಬಹುದಾದ ಟೈಮ್‌ಶಿಫ್ಟ್ ಆನ್ ಮಾಡಿಟ್ಟದ್ದನ್ನು ಯಾರಿಗೂ ಹೇಳಿರಲಿಲ್ಲ. ಹಾಲು ಉಕ್ಕುವ ಸದ್ದಿಗೆ ಅಮ್ಮ ಪಾಝ್ ಗುಂಡಿ ಒತ್ತಿ ಒಳಗೆ ಹೋಗಿ, ವಾಪಸ್ ಬಂದು ಅಲ್ಲಿಂದಲೇ ನೋಡಿದ್ದನ್ನು ನಾನೇ ಕಣ್ಣಾರೆ ಕಂಡೆ. “ಇದು ಮೊದಲಿಂದ್ಲೂ ಹಿಂಗೇ ಅಲ್ವೇನೋ” ಎಂದರು.

ಮೊನ್ನೆ ಅಪ್ಪ ಫೋನ್ ಮಾಡಿ ಡಿಸ್ಕ್ ತುಂಬುತ್ತಾ ಬಂತಂತೆ ಎಂದರು. ನೋಡಿದರೆ ಅಳಿಸದೆ ಇಡುವ ಪಟ್ಟಿಗೆ ಕೃಷಿ ಕಾರ್ಯಕ್ರಮ, ಅಮ್ಮನ ಸಂಗೀತ, ಪಕ್ಕದ ಮನೆಯವರು ಹೇಳಿದ ಇನ್ನೆರಡು, ಎಲ್ಲ ಸೇರಿಕೊಂಡಿವೆ. ಟಿವಿಹೆಡ್‌ಎಂಡ್‌ನ ಪುಟವನ್ನು ಟ್ಯಾಬಿನಲ್ಲಿ ತೆರೆದು ತಾವೇ ಬದಲಿಸಿದ್ದಾರೆ. ಅಳಿಸಲು ಒಪ್ಪುತ್ತಿಲ್ಲ. ಈ ಸಲ ಊರಿಗೆ ಹೋಗುವಾಗ 2 ಟಿಬಿ ಡಿಸ್ಕ್ ಚೀಲದಲ್ಲಿದೆ.