ಹಲಸಿನ ಕೊಂಬೆ ಮತ್ತು ನಮ್ಮ ಮನೆಯ ನೆಟ್

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ ನಮ್ಮ ಮನೆ. ಶಿವಮೊಗ್ಗದ ಐದಾರು ಅಂಗಡಿಗಳ ಜಿಎಸ್‌ಟಿ ಲೆಕ್ಕವನ್ನು ನಾನು ಇಲ್ಲಿಂದಲೇ ನೋಡಿಕೊಳ್ಳುತ್ತೇನೆ. ತಿಂಗಳ 11ಕ್ಕೆ ಒಂದು ವಿವರ ಸಲ್ಲಿಸಬೇಕು, 20ಕ್ಕೆ ಇನ್ನೊಂದು. ಕಳೆದ ಆಷಾಢದಲ್ಲಿ ಆ ಎರಡೂ ದಿನ ಪರದೆಯ ಮೇಲಿನ ಚಕ್ರ ಗಾಣದ ಎತ್ತಿನಂತೆ ಸುತ್ತುತ್ತಲೇ ಇತ್ತು.

ನಾನು ಮೊದಲು ಮಾಡಿದ್ದು ದಡ್ಡ ಕೆಲಸ. 40 ಎಂಬಿಪಿಎಸ್‌ನ ಯೋಜನೆ ಬಿಟ್ಟು ಹೆಚ್ಚು ದುಡ್ಡು ಕೊಟ್ಟು 100ರದ್ದು ಹಾಕಿಸಿಕೊಂಡೆ. ಮಾಳಿಗೆಯ ನನ್ನ ಕೋಣೆಯಲ್ಲಿ ಮಾತ್ರ ವೇಗ ಮೊದಲಿನಷ್ಟೇ, ಮೂರೋ ನಾಲ್ಕೋ.

ಆಗ ನಮ್ಮವರು ಅಂದ ಮಾತು ಹಾದಿಗೆ ತಂದಿತು. "ಅಬ್ಬಿ ನೀರು ನಿಂತರೆ ಏನು ಮಾಡುತ್ತೇವೆ? ಬಚ್ಚಲಿನಿಂದ ಹೊರಟು ಪೈಪಿನ ಒಂದೊಂದೇ ಜಾಯಿಂಟ್ ಬಿಚ್ಚಿ ನೋಡುತ್ತಾ ಗುಡ್ಡ ಹತ್ತುವುದಿಲ್ಲವೇ?" ಗುಡ್ಡದ ಒರತೆಯ ನೀರು ಮನೆಗೆ ಬರುವ ದಾರಿಯಲ್ಲಿ ಎಲೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನೆಟ್ಟಿಗೆ ಬಂದ ಕೂಡಲೇ ಆ ಬುದ್ಧಿಯನ್ನು ಕಟ್ಟಿಟ್ಟು ಕಂಪನಿಯನ್ನು ಬೈಯಲು ಶುರು ಮಾಡುತ್ತೇವೆ.

ಸರಿ, ಒಂದು ನೋಟ್‌ಬುಕ್ ಹಿಡಿದುಕೊಂಡೆ. ರೂಟರ್ ಇದ್ದದ್ದು ಜಗಲಿಯಲ್ಲಿ, ಮೀಟರ್ ಬೋರ್ಡಿನ ಪಕ್ಕ. ಕೇಬಲ್ ಒಳಬಂದ ಜಾಗ ಅದು, ಹಾಕಿದವರು ಅಲ್ಲಿಯೇ ಮೊಳೆ ಹೊಡೆದು ಹೋಗಿದ್ದರು. ಲ್ಯಾಪ್‌ಟಾಪನ್ನು ಅಲ್ಲಿಗೇ ಒಯ್ದು, ವೈಫೈ ಆಫ್ ಮಾಡಿ, ವೈರಿನಿಂದ ನೇರವಾಗಿ ಜೋಡಿಸಿ ಅಳೆದೆ. 92 ಬಂತು! ಅಂದರೆ ಮನೆಯ ಬಾಗಿಲವರೆಗೆ ಕಂಪನಿಯವರು ಕೊಡಬೇಕಾದದ್ದನ್ನು ಕೊಟ್ಟಿದ್ದರು. ಒಂದು ತಿಂಗಳಿಂದ ಬೈಸಿಕೊಂಡವರು ಅವರು. (ಇಲ್ಲೊಂದು ಮಾತು: 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 40 ಮೆಗಾಬೈಟ್ ಅಲ್ಲ, 40 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಫೈಲ್ ಇಳಿಯುವಾಗ ಸೆಕೆಂಡಿಗೆ 5 ಮೆಗಾಬೈಟಿನ ಆಸುಪಾಸು ತೋರಿಸಿದರೆ ಮೋಸವೇನೂ ಆಗಿಲ್ಲ. ನಮ್ಮ ಭಾವನವರಿಗೆ ಇದನ್ನು ನಂಬಿಸಲು ಒಂದು ಸಂಜೆ ಬೇಕಾಯಿತು.)

ಮುಂದಿನ ಪರೀಕ್ಷೆ ಪಿಂಗ್, ಅಂದರೆ ಒಂದು ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ನೋಡುವುದು. 192.168.1.1 ಎಂಬುದು ನಮ್ಮ ರೂಟರಿನ ವಿಳಾಸ. ಅದಕ್ಕೆ ಪಿಂಗ್ ಕಳಿಸಿದರೆ ಹೊರಗಿನ ಲೈನಿಗೂ ಉತ್ತರಕ್ಕೂ ಸಂಬಂಧವಿರುವುದಿಲ್ಲ, ಮನೆಯೊಳಗಿನ ಹಾದಿಯಷ್ಟೇ ಗೊತ್ತಾಗುತ್ತದೆ. ವೈರಿನಲ್ಲಿ ಒಂದೆರಡು ಮಿಲಿಸೆಕೆಂಡ್. ಮಾಳಿಗೆಯಿಂದ ವೈಫೈಯಲ್ಲಿ ಒಮ್ಮೆ 40, ಒಮ್ಮೆ 300, ನಡುನಡುವೆ ಉತ್ತರವೇ ಇಲ್ಲ. ಕಳ್ಳ ಒಳಗೇ ಇದ್ದ.

ಅಜ್ಜನವರ ಕಾಲದ ಜಂಬಿಟ್ಟಿಗೆ ಗೋಡೆ, ಮೇಲೆ ಮಣ್ಣಿನ ಗಿಲಾವು, ಒಂದು ಅಡಿಗಿಂತ ದಪ್ಪ. ಜಗಲಿಯಿಂದ ನನ್ನ ಕೋಣೆಗೆ ಅಂಥ ಮೂರು ಗೋಡೆ, ಜೊತೆಗೆ ಒಂದು ಕಬ್ಬಿಣದ ಬೀರು. 5 ಗಿಗಾಹರ್ಟ್ಸ್ ವೈಫೈ ವೇಗದ್ದೇ, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ನಿಧಾನ. ಪೇಟೆಯಲ್ಲಾದರೆ ಅಕ್ಕಪಕ್ಕದ ಮನೆಗಳ ವೈಫೈ ಕಾಟಕ್ಕೆ 1, 6, 11ನೇ ಚಾನೆಲ್‌ಗಳಲ್ಲಿ ಖಾಲಿಯಿರುವುದನ್ನು ಆರಿಸಬೇಕಾಗುತ್ತದೆ. ನಮಗೆ ಹತ್ತಿರದ ಮನೆ ಎಂದರೆ ತೋಟದಾಚೆ, ಆ ಚಿಂತೆ ಇಲ್ಲ.

ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ ಕೊಳ್ಳಲು ಹೊರಟಿದ್ದೆ, ಕೊಳ್ಳಲಿಲ್ಲ. ದುರ್ಬಲ ಸಿಗ್ನಲ್ಲನ್ನೇ ಹಿಡಿದು ಮುಂದಕ್ಕೆ ಸಾಗಿಸುವ ಅದಕ್ಕಿಂತ ವೈರ್ ಎಳೆಯುವುದೇ ಮೇಲು. ಅಟ್ಟದ ಮೇಲಿಂದ 20 ಮೀಟರ್ ಲ್ಯಾನ್ ಕೇಬಲ್ ಎಳೆದೆವು. ಇಲಿಗಳ ಭಯಕ್ಕೆ ಪಿವಿಸಿ ಪೈಪಿನೊಳಗೆ ತೂರಿಸಿದೆವು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ರೂಟರನ್ನು ಮಾಳಿಗೆಯಲ್ಲಿ ಇಟ್ಟೆ. ಅದರ ಡಿಎಚ್‌ಸಿಪಿಯನ್ನು (ಮನೆಯ ಫೋನು, ಕಂಪ್ಯೂಟರುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಬೇಕು, ವಿಳಾಸವನ್ನು 192.168.1.2 ಎಂದು ಬದಲಿಸಬೇಕು, ಕೇಬಲನ್ನು ಅದರ ವ್ಯಾನ್ (ಹೊರಗಿನ ಲೈನಿನ) ತೂತಿಗಲ್ಲ, ಲ್ಯಾನ್ (ಮನೆಯೊಳಗಿನ) ತೂತಿಗೆ ಚುಚ್ಚಬೇಕು. ಈ ಮೂರರಲ್ಲಿ ವಿಳಾಸ ಬದಲಿಸುವುದನ್ನು ಮರೆತು ಒಂದು ಮಧ್ಯಾಹ್ನ ಇಡೀ ಮನೆಯ ನೆಟ್ಟನ್ನೇ ಕೆಡಿಸಿದ್ದೆ. ಎರಡು ಪೆಟ್ಟಿಗೆಗೂ ಒಂದೇ ವಿಳಾಸವಾದರೆ ಅಂಚೆಯವನು ಯಾವ ಮನೆಗೆ ಹೋಗಬೇಕು?

ಕೋಣೆಯಲ್ಲಿ 80 ಬಂತು. ಗೆದ್ದೆ ಎಂದುಕೊಂಡೆ.

ನಾಲ್ಕು ದಿನ ಕಳೆದು ಗಾಳಿಮಳೆ ಹಿಡಿಯಿತು. ಸಂಜೆ ಮತ್ತೆ ಅದೇ ಗಾಣದ ಎತ್ತು. ಈ ಸಲ ಜಗಲಿಯಲ್ಲಿ ವೈರಿನಲ್ಲಿ ಅಳೆದರೂ 7. ರೂಟರಿಗೆ ಪಿಂಗ್ ಚೊಕ್ಕಟ. ಹೊರಗಿನ ವಿಳಾಸಕ್ಕೆ ನೂರು ಪಿಂಗ್ ಕಳಿಸಿದರೆ ಹನ್ನೆರಡಕ್ಕೆ ಉತ್ತರವೇ ಇಲ್ಲ. ಈಗ ದೋಷ ಬಾಗಿಲಾಚೆ.

"ಮಳೆಗೆ ನೆಟ್ ನಿಧಾನ ಆಗುವುದು ಮಾಮೂಲು" ಎಂದು ಎಲ್ಲರೂ ಹೇಳುತ್ತಾರೆ. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮದು ಫೈಬರ್ ಲೈನು. ಅದರಲ್ಲಿ ಹರಿಯುವುದು ಬೆಳಕು, ಗಾಜಿನ ಎಳೆಯೊಳಗಿನ ಬೆಳಕಿಗೆ ಮಳೆಯ ಹಂಗಿಲ್ಲ. ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿದರೆ ತೆರೆಯುವ ಒಳಪುಟದಲ್ಲಿ, ಬಂದು ತಲುಪುವ ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುವ ಜಾಗವಿದೆ. ಬಿಸಿಲಿದ್ದ ದಿನ ಮೈನಸ್ 21 ಇತ್ತು. ಆ ಸಂಜೆ ಮೈನಸ್ 27 ದಾಟಿ ಓಲಾಡುತ್ತಿತ್ತು. ಮೂರು ಇಳಿದರೆ ಬೆಳಕು ಅರ್ಧ, ಆರು ಇಳಿದರೆ ಕಾಲು ಭಾಗ. ಮನೆಗಳಿಗೆ ಹಾಕುವ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಮೈನಸ್ 27ರ ಹತ್ತಿರವೇ ಕಣ್ಣು ಮಂಜಾಗತೊಡಗುತ್ತದೆ. ಪೂರ್ತಿ ಕುರುಡಾದರೆ ಕೆಂಪು ದೀಪ ಹತ್ತಿ ಎಲ್ಲರಿಗೂ ಗೊತ್ತಾಗುತ್ತದೆ. ಮಂಜಾದಾಗ ದೀಪ ಹಸಿರಾಗಿಯೇ ಇರುತ್ತದೆ, ಸಾಗುವ ಮಾಹಿತಿಯ ತುಣುಕುಗಳು ಮಾತ್ರ ಕಳೆದುಹೋಗುತ್ತವೆ. ಹಾಗೆ ಕಳೆದಾಗ ಕಳಿಸುವ ಕಡೆಯ ಕಂಪ್ಯೂಟರು ದಾರಿಯಲ್ಲಿ ನೂಕುನುಗ್ಗಲಿದೆ ಎಂದು ತಿಳಿದು ತಾನೇ ವೇಗ ತಗ್ಗಿಸುತ್ತದೆ. ಹನ್ನೆರಡು ಕಳೆದದ್ದಕ್ಕೆ ವೇಗ ನೂರರಿಂದ ಏಳಕ್ಕೆ ಬಿದ್ದದ್ದು ಹೀಗೆ.

ಬೆಳಕಿನ ಎರಡೂ ಅಂಕಿಗಳನ್ನು ಹೇಳಿ ಕಂಪನಿಗೆ ಫೋನ್ ಮಾಡಿದೆ. "ನೆಟ್ ಸ್ಲೋ" ಎಂದು ಹತ್ತು ಸಲ ದೂರಿದಾಗ "ರೂಟರ್ ಆಫ್ ಮಾಡಿ ಆನ್ ಮಾಡಿ" ಎಂದವರು ಮರುದಿನವೇ ಹುಡುಗನನ್ನು ಕಳಿಸಿದರು.

ಅವನು ಬಂದು ಕೊಡೆ ಹಿಡಿದುಕೊಂಡೇ ಕೇಬಲ್ ಜಾಡು ಹಿಡಿದ. ನಾನೂ ಹಿಂದೆ ಹೋದೆ. ಕೊಟ್ಟಿಗೆ ಹಿಂದಿನ ಹಲಸಿನ ಮರದ ಹತ್ತಿರ ನಿಂತ. "ಅಕ್ಕಾ, ಇಲ್ಲಿ ನೋಡಿ." ಕೇಬಲನ್ನು ಕೊಂಬೆಗೆ ತಂತಿಯಿಂದ ಬಿಗಿದು ಕಟ್ಟಿದ್ದರು. ಮಳೆಯಲ್ಲಿ ನೆನೆದು ಭಾರವಾದ ಕೊಂಬೆ ತಗ್ಗಿದಾಗಲೆಲ್ಲ ಕೇಬಲ್ ಆ ಕಟ್ಟಿನಲ್ಲಿ ಮೊಣಕೈಯಂತೆ ಮಡಚುತ್ತಿತ್ತು. ಫೈಬರ್ ಮುರಿಯಬೇಕೆಂದಿಲ್ಲ, ಬಿಗಿಯಾಗಿ ಬಗ್ಗಿದರೂ ಬೆಳಕು ಸೋರಿಹೋಗುತ್ತದೆ. ಪಕ್ಕದಲ್ಲಿ ನೇತುಹಾಕಿದ್ದ ಜೋಡಣೆಯ ಡಬ್ಬಿಯೊಳಗೆ ಕೆಂಜಿರುವೆಗಳ ಸಂಸಾರ ಬೇರೆ.

ಜೋಡಣೆಗೆ ನಾನು ಕೈಹಾಕಲಿಲ್ಲ. ಗಾಜಿನ ಎಳೆಯ ಚೂರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ, ಅದರೊಳಗಿನ ಬೆಳಕು ಕಣ್ಣಿಗೆ ಕಾಣದ ಜಾತಿಯದು, ತುದಿಯನ್ನು ಇಣುಕಿ ನೋಡಲೂಬಾರದು. ಅವನು ಹೊಸದಾಗಿ ಬೆಸೆದು, ಡಬ್ಬಿಯ ಬಾಯಿ ಕೆಳಮುಖ ಮಾಡಿ ಕಟ್ಟಿ, "ಈ ಕೊಂಬೆ ಕಡಿದರೆ ಇನ್ನು ತೊಂದರೆಯೇ ಇಲ್ಲ" ಅಂದ.

ಅತ್ತೆ ಜಗಲಿಯಿಂದಲೇ ಕೇಳಿಸಿಕೊಂಡಿದ್ದರು. "ಅದು ಬಕ್ಕೆ ಹಲಸು ಕಣೋ. ಹಪ್ಪಳಕ್ಕೆ ಅದೇ ಮರ. ನಿನ್ನ ತಂತಿಯನ್ನೇ ಬೇರೆ ಕಡೆ ಕಟ್ಟು."

ಕಟ್ಟಿದ. ಕೊಟ್ಟಿಗೆಯ ಗೋಡೆಗೆ ಕೊಕ್ಕೆ ಹೊಡೆದು, ಅಲ್ಲಿಂದ ಕೇಬಲನ್ನು ಅಗಲವಾದ ಸುರುಳಿಯಾಗಿ ಸಡಿಲ ಬಿಟ್ಟು ತಂದ. ಆ ರಾತ್ರಿಯ ಮಳೆಗೆ ತೋಟದಲ್ಲಿ ಎರಡು ಅಡಿಕೆ ಮರ ಬಿದ್ದವು. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು: ರಾತ್ರಿ 9, ಜೋರು ಮಳೆ, ಮೈನಸ್ 20. ಮುಂದಿನ ತಿಂಗಳು ಯೋಜನೆಯನ್ನು 40ಕ್ಕೆ ಇಳಿಸಿದೆ.